ಅಕ್ಕ ತಂಗಿ ಆಡಬಾರದ ಆಟ

ಅಮ್ಮ ಹಾಸಿಗೆ ಹಿಡಿದಾಗ ನನ್ನ ತಂಗಿ ಕಮಲ ಬರಲಿಲ್ಲ. ಸತ್ತ ಮೇಲೆ ಉತ್ತರಕ್ರಿಯೆಯ ಬೊಜ್ಜದ ದಿನ ಬಂದು, ಉಂಡು, ಹೋದವಳು ಆಮೇಲೆ ಆರು ವರ್ಷ ಈ ಕಡೆ ತಲೆ ಹಾಕಲಿಲ್ಲ. 2009ರ ಆಸಾಡಿ ತಿಂಗಳಲ್ಲಿ ಅವಳಿದ್ದ ಪುಣೆಯಲ್ಲಿ ಹಂದಿಜ್ವರಕ್ಕೆ ಜನ ಸಾಯತೊಡಗಿದರು ನೋಡಿ, ಆಗ ಅವಳಿಗೆ ನಮ್ಮೂರು ತ್ರಾಸಿಯ ಬಸ್ಸು ಸಿಕ್ಕಿತು. ಅಂಗಳಕ್ಕೆ ಕಾಲಿಟ್ಟವಳೇ ಎರಡು ಸಲ ಸೀನಿದಳು. ಊರಿಗೆ ಅಷ್ಟು ಸಾಕಾಯಿತು.

ಆರೋಗ್ಯ ಕೇಂದ್ರದವರು ಬಂದು ನೋಡಿ, ಜ್ವರ ಇಲ್ಲ, ಆದರೂ ಒಂದು ವಾರ ಇಬ್ಬರೂ ಹೊರಗೆ ಬರಬೇಡಿ ಎಂದರು. ನನ್ನ ಗಂಡ ಗೋವರ್ಧನ ಅಂಗಡಿಯಲ್ಲೇ ಮಲಗುತ್ತೇನೆಂದು ಕುಂದಾಪುರಕ್ಕೆ ಪರಾರಿಯಾದ. ನೆರೆಮನೆಯ ಬಾಗಿ ಹಾಲಿನ ಚೊಂಬನ್ನು ಗೇಟಿನ ಹತ್ತಿರ ಇಟ್ಟು, ಮೂಗಿಗೆ ಸೆರಗು ಹಿಡಿದು ಕೂಗಿದಳು.

"ಹ್ವಾಯ್ ವನಜಕ್ಕ, ನಿನ್ ತಂಗಿ ಅಲ್ಲಿ ಹಂದಿ ಗಿಂದಿ ತಿಂದಿತಾ ಎಂತ?"

"ಹ್ಞಾಂ, ತಿಂದಿತ್. ಬಾ, ನಿಂಗೂ ಬಡಿಸ್ತೆ" ಎಂದೆ. ಕಮಲನನ್ನು ಬಯ್ಯುವ ಹಕ್ಕು ನನ್ನೊಬ್ಬಳದು.

ಒಳಗೆ ಮಾತ್ರ ಮಾತಿಲ್ಲ. ನಾನು ಗಂಜಿ ಬೇಯಿಸಿಟ್ಟರೆ ಅವಳು ಉಂಡು ಬಟ್ಟಲು ತೊಳೆದಿಡುತ್ತಿದ್ದಳು. ಮಳೆಗೆ ಕರೆಂಟೂ ಇಲ್ಲ, ಟಿವಿಯೂ ಇಲ್ಲ. ಬೇಜಾರು ತಡೆಯಲಾರದೆ ಅವಳು ಅಟ್ಟ ಹತ್ತಿ ಅಮ್ಮನ ಚೆನ್ನೆಮಣೆ ಇಳಿಸಿದಳು. ಒಂದೊಂದೇ ಗುಳಿಯ ಧೂಳು ಒರೆಸಿ, ಕಾಯಿ ತುಂಬಿ, ನನ್ನೆದುರು ತಂದಿಟ್ಟಳು.

ಆಸಾಡಿಯಲ್ಲಿ ಊರೆಲ್ಲ ಆಡುವ ಆಟವೇ. ಆದರೆ ಅಕ್ಕ ತಂಗಿ ಎದುರುಬದುರು ಕೂತು ಆಡಿದರೆ ಸಂಬಂಧ ಹಾಳಾಗುತ್ತದೆ ಎಂದು ಅಮ್ಮ ನಮ್ಮನ್ನು ಒಂದು ದಿನವೂ ಕೂರಲು ಬಿಟ್ಟವಳಲ್ಲ. ಅದನ್ನೇ ನೆನಪಿಸಿದೆ.

"ಇನ್ನೆಂತ ಹಾಳಾಪ್ದ್ ಬಾಕಿ ಇತ್ತ್, ಅಕ್ಕ?" ಎಂದಳು.

ಕೂತೆ. ಕಾಯಿ ಹಂಚುತ್ತ ಹೋಗಿ, ಮುಂದಿನ ಗುಳಿ ಖಾಲಿ ಸಿಕ್ಕಿದರೆ ಅದನ್ನು ಬೆರಳಲ್ಲಿ ಸವರಿ, ಅದರಾಚೆಯದನ್ನು ಬಾಚಿಕೊಳ್ಳಬೇಕು. ಕಮಲ ನನ್ನ ಮುಖ ನೋಡುತ್ತ ನಿಧಾನಕ್ಕೆ ಸವರುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಮ್ಮನ ಹೇಲು ಉಚ್ಚೆ ಬಾಚಿದ ಕೈ ನನ್ನದು, ಕಾಯಿ ಬಾಚುವ ಕೈ ಇವಳದು. ದಿನಾ ಸೋತೆ, ದಿನಾ ಮತ್ತೆ ಕೂತೆ.

ಅವಳು ಹೊರಡುವ ಹಿಂದಿನ ದಿನ ಹೇಳಿಯೇಬಿಟ್ಟೆ. "ಈ ಆಟ ನಾನ್ ಗೆದ್ರೆ, ಅಮ್ಮ ಸಾಯೂ ಹೊತ್ತಿಗೆ ಎಂತಕೆ ಬರ್ಲಿಲ್ಲ ಅಂತ ನೀ ಹೇಳ್ಕ್."

ತಲೆಯಾಡಿಸಿದಳು. ಅವಳು ಏನು ನೆಪ ಹೇಳಿದರೂ ಅದರ ಮೇಲೆ ಉಗಿದು ಕಳಿಸುವುದೆಂದು ನಿಶ್ಚಯಿಸಿಕೊಂಡಿದ್ದೆ. ಆರು ವರ್ಷದಿಂದ ನನಗೆ ಬೇಕಾಗಿದ್ದು ಅದೊಂದೇ.

ಗೆದ್ದೆ. ಅವಳ ಕಡೆಯ ಗುಳಿಗಳೆಲ್ಲ ಖಾಲಿ.

"ನೀ ಗದ್ದೆಗೆ ಹೋದಾಗ ಅಮ್ಮ ಬಾಗಿ ಹತ್ರ ನಂಬರ್ ಒತ್ಸಿ ಫೋನ್ ಮಾಡಿತ್ತ್" ಎಂದಳು ಕಮಲ. "'ನೀ ಬಂದ್ರೆ ನಾ ನಿನ್ನ ಮೋರೆಯೇ ಕಾಣ್ತಾ ಇಪ್ಪುದ್. ವನಜ ಹಗ್ಲು ರಾತ್ರಿ ನನ್ ಸೇವೆ ಮಾಡ್ತಿತ್ತ್, ವನಜಂಗೆ ಬೇಜಾರಾತ್ತ್. ಬರ್ಬೇಡ' ಅಂದಿತ್ತ್."

"ಸುಳ್ಳ್!" ಎಂದು ಮಣೆಯನ್ನು ಒದ್ದೆ. ಕಾಯಿಗಳೆಲ್ಲ ಚೆಲ್ಲಾಪಿಲ್ಲಿಯಾದವು. ಸುಳ್ಳಲ್ಲವೆಂದು ಒದೆಯುವಾಗಲೇ ಗೊತ್ತಿತ್ತು. ಅಮ್ಮನ ಮಾತೇ ಅದು, ಅಮ್ಮನ ಧಾಟಿಯೇ. ಎದುರುಬದುರು ಕೂರಲು ಬಿಡದವಳು ಸಾಯುವಾಗಲೂ ಬಿಡಲಿಲ್ಲ.

ಕಮಲ ನೆಲಕ್ಕೆ ಬಗ್ಗಿ ಕಾಯಿ ಹೆಕ್ಕತೊಡಗಿದಳು. ತಲೆ ಎತ್ತದೆಯೇ ಕೇಳಿದಳು. "ಅಮ್ಮ ಕಡೀಗೆ ನನ್ನ ಕೇಂಡಿತಾ?"

ಈ ಪ್ರಶ್ನೆಗೆಂದೇ ನಾನು ಆರು ವರ್ಷ ನಾಲಗೆ ಮಸೆದು ಕೂತಿದ್ದೆ. ಸಿಟ್ಟು ಇನ್ನೂ ಇತ್ತು, ಈಗಲೂ ಇದೆ.

"ಕಡೇ ಕಡೇಗೆ ಅದ್ಕೆ ಕಣ್ಣ್ ಕಾಣ್ತಿರ್ಲಿಲ್ಲ. ಹಗ್ಲು ರಾತ್ರಿ 'ಕಮಲ, ಕಮಲ' ಅಂದೇ ಕರೀತಿತ್ತ್."

ಅವಳು ತಲೆ ಎತ್ತಿದಳು.

"ಕರ್ದಾಗೆಲ್ಲ ನಾನೇ 'ಓ' ಅಂದೆ."