ಬಾಲ ಕತ್ತರಿಸದ ತಂತಿಗಳು

ಹಲ್ಲಿನ ಡಾಕ್ಟರ್ ಬಿರಡೆ ತಿರುಗಿಸಿ ಗಿಟಾರಿನ ಶ್ರುತಿ ಏರಿಸಿದ. ಪಕ್ಕದಲ್ಲಿ, ತೀರಿಕೊಂಡ ಅಕ್ಕನ ಸುತ್ತ ಹೂ ಜೋಡಿಸುತ್ತಿದ್ದ ತಂಗಿ ಎರಡು ಹೂ ಇಡುವಷ್ಟರಲ್ಲಿ ಅದು ಮತ್ತೆ ಇಳಿದಿತ್ತು.

"ಯಾರೋ ಇದನ್ನ ಮುಟ್ಟಿದ್ದಾರೆ," ಎಂದ. ಅವನು ಅಕ್ಕನ ಹಳೆಯ ಶಿಷ್ಯ. ಅಕ್ಕನನ್ನು ಮಣ್ಣಿಗೆ ಒಪ್ಪಿಸುವ ಮುಂಚೆ ಅವಳದೇ ಗಿಟಾರಿನಲ್ಲಿ ನುಡಿಸಬೇಕೆಂದು ಬಂದಿದ್ದ.

"ಸಾವಿನ ಮನೇಲಿ ಗಿಟಾರ್ ಯಾರಪ್ಪ ಮುಟ್ತಾರೆ?" ಎಂದಳು ಪಕ್ಕದ ಮನೆಯ ದರ್ಜಿ. "ನಿಂಗೆ ಹಲ್ಲು ಕೀಳೋ ಅಭ್ಯಾಸ. ಮೆಲ್ಲಗೆ ತಿರುಗ್ಸು."

ತಂಗಿ ಬಗ್ಗಿ ನೋಡಿದಳು. ತಂತಿಗಳು ಹೊಸವು. ನೈಲಾನ್ ತಂತಿ ಹೊಸದರಲ್ಲಿ ಹಿಗ್ಗುತ್ತಲೇ ಇರುತ್ತದೆ. ದಿನಗಟ್ಟಲೆ ಶ್ರುತಿ ಏರಿಸಿ ಏರಿಸಿ ಪಳಗಿಸಬೇಕು. ಹಾಸಿಗೆ ಹಿಡಿದವಳಿಗೆ ಹೊಸ ತಂತಿ ಯಾಕೆ? ಇನ್ನೂ ನುಡಿಸುತ್ತೇನೆಂದು ನಂಬಿದ್ದಳೇ? ಹಾಗಾದರೆ ಫೋನಿನಲ್ಲಿ "ಇನ್ನು ಹೆಚ್ಚು ದಿನ ಇಲ್ಲ ಕಣೇ" ಎಂದದ್ದು?

"ಭಾವ, ಇದನ್ನ ಯಾವಾಗ ಹಾಕಿದ್ಲು?"

ಭಾವ ಕನ್ನಡಕ ಹುಡುಕುತ್ತಿದ್ದರು. ಅದು ಅವರ ಹಣೆಯ ಮೇಲೇ ಇತ್ತು. "ಹೋದ ವಾರ. ಕೂರೋಕಾಗ್ತಿರ್ಲಿಲ್ಲ, ನಾನೇ ಬೆನ್ನು ಹಿಡ್ಕೊಂಡಿದ್ದೆ. ಮೊದಲು ತಂದ ಬಿಗಿ ತಂತಿ ಬೇಡ, ಮೆತ್ತಂದೇ ಬೇಕು ಅಂತ ಮತ್ತೆ ಅಂಗಡಿಗೆ ಓಡಿಸಿದ್ಲು. ಬೆಳಿಗ್ಗೆ ಸಂಜೆ ಬಿರಡೆ ತಿರುಗಿಸ್ತಾ, 'ಅವಳ ಕೈ ಸೇರೋಷ್ಟ್ರಲ್ಲಿ ಪಳಗಿರ್ಲಿ' ಅಂತಿದ್ಲು. ನರ್ಸಮ್ಮನಿಗೆ ಕಲಿಸ್ತಾಳೇನೋ ಅಂದ್ಕೊಂಡೆ. ಯಾವ ಅವಳು ಅಂತ ಕೇಳ್ಲೇ ಇಲ್ಲ ನಾನು, ಪೆದ್ದ."

*

ಅಕ್ಕ ಯಾವಾಗಲೂ ಬಿಗಿ ತಂತಿಯವಳು. "ಮೆತ್ತನೆ ತಂತಿ ಹಾಡಲ್ಲ ಕಣೇ, ಗೊಣಗುತ್ತೆ," ಎನ್ನುತ್ತಿದ್ದಳು. ಹೊಸ ತಂತಿಯ ಉಳಿದ ತುದಿ ಕತ್ತರಿಸಲು ತಂಗಿ ಹೋದರೆ ಕೈ ಹಿಡಿಯುತ್ತಿದ್ದಳು: "ಪಳಗೋ ತನಕ ಬಾಲ ಕತ್ತರಿಸಬಾರ್ದು."

ತಂಗಿಯ ಬೆರಳ ಗಂಟುಗಳು ಊದಿಕೊಳ್ಳುವ ತನಕ ಇಬ್ಬರೂ ಜೊತೆಗೆ ನುಡಿಸಿದರು. ಒಂದು ಸಂಜೆ ತಂಗಿ ನೋವು ತಡೆಯಲಾರದೆ ಗಿಟಾರ್ ಕೆಳಗಿಟ್ಟಳು. "ಇನ್ನು ನನ್ನ ಕೈಲಾಗಲ್ಲಕ್ಕ." ಅಕ್ಕ ತುಟಿ ಬಿಚ್ಚದೆ ಎದ್ದು ಟೀ ಇಡಲು ಹೋದಳು. ಆ ಮೌನವನ್ನು ಮುನಿಸೆಂದೇ ತಂಗಿ ಇಷ್ಟು ವರ್ಷ ಹೊತ್ತುಕೊಂಡಿದ್ದಳು.

*

ತಂಗಿ ಗಿಟಾರನ್ನು ಮಡಿಲಿಗೆ ತೆಗೆದುಕೊಂಡು, ಹಲ್ಲು ಕಚ್ಚಿ, ಸೊಟ್ಟಗಾದ ಬೆರಳಿನಿಂದ ಒಂದು ತಂತಿ ಒತ್ತಿದಳು. ತಂತಿ ಸುಲಭವಾಗಿ ತಗ್ಗಿತು. ನೋವಾಯಿತು, ಆದರೆ ತಡೆದುಕೊಳ್ಳುವಷ್ಟೇ. ದನಿ ಗೊಣಗಿತು.

ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ? ಅಳಬೇಕೋ, ಅಕ್ಕನ ಮೇಲೆ ರೇಗಬೇಕೋ ಅವಳಿಗೆ ತಿಳಿಯಲಿಲ್ಲ.

"ಆಂಟಿ, ಮನೆಯಿಂದ ನನ್ನ ಗಿಟಾರ್ ತರ್ಲಾ?" ಎಂದ ಹಲ್ಲಿನ ಡಾಕ್ಟರ್.

"ತಗೊಂಡ್ ಬಾಪ್ಪ. ಇದಿನ್ನೂ ಪಳಗಬೇಕು."

ದರ್ಜಿಯ ಕಣ್ಣು ತಂತಿಯ ತುದಿಗಳ ಮೇಲೆ ಬಿತ್ತು. "ಇದೇನೇ, ಬೆಕ್ಕಿನ ಮೀಸೆ ಥರ! ಚೊಕ್ಕ ಮಾಡ್ಲಾ?" ಎಂದು ಚೀಲದಿಂದ ಕತ್ತರಿ ತೆಗೆದಳು. ತಂಗಿ ಅವಳ ಕೈ ಹಿಡಿದಳು.

ಹೊರಗೆ ವ್ಯಾನು ಬಂದು ನಿಂತಿತು. ಎಲ್ಲರೂ ಎದ್ದರು. ತಂಗಿ ಕುಳಿತಲ್ಲೇ, ಆಗಲೇ ಇಳಿದಿದ್ದ ತಂತಿಯನ್ನು ಇನ್ನೊಂದು ಸುತ್ತು ಏರಿಸಿದಳು. ಗಿಟಾರಿನ ತಲೆಯಲ್ಲಿ ಆರು ಬಾಲಗಳು ನಡುಗಿದವು.