ಚಿಕ್ಕಮಾದನ ಬಿಲ್ಲೆ

ಮಾರಗೌಡನ ಕಟ್ಟೆಯ ಗೇಟಿಗೆ ಹದಿನೆಂಟು ವರ್ಷ ನಾನೇ ಯಜಮಾನ. ಕಾಗದದಲ್ಲಿ ಬರೀ ಗೇಟ್ ಕಾವಲುಗಾರ ಅಂತ ಬರೆದಿದ್ದರು, ಅದು ಬೇರೆ ಮಾತು. ಹುಣಸೂರಿನಿಂದ ಕೆಳಗೆ ಲಕ್ಷ್ಮಣತೀರ್ಥಕ್ಕೆ ಅಡ್ಡ ಕಟ್ಟಿದ ಸಣ್ಣ ಕಟ್ಟೆ ಅದು. ಗೇಟು ಎತ್ತುವ ಚಕ್ರಕ್ಕೆ ಒಂದು ಬೀಗ, ಬೀಗದ ಕೈ ನನ್ನ ಉಡಿದಾರದಲ್ಲಿ. ನೀರು ಬಿಡು ಅಂತ ಹೇಳುವವರು ಓವರ್ಸಿಯರ್, ಆದರೆ ಬಿಡುವವನು ಅಂಕಯ್ಯ. ಸುತ್ತಿನ ಹಳ್ಳಿಯವರಿಗೆ ಅಷ್ಟು ಗೊತ್ತಿತ್ತು, ನನಗೂ ಅಷ್ಟೇ ಬೇಕಾಗಿದ್ದು.

ಈಗ ಆ ಬೀಗದ ಕೈ ಚಿಕ್ಕಮಾದನ ಹತ್ತಿರ ಇದೆ. ಯಾರೂ ಕಿತ್ತುಕೊಂಡು ಕೊಡಲಿಲ್ಲ. ನನ್ನ ಹೊಟ್ಟೆಕಿಚ್ಚೇ ಅದನ್ನು ಅವನ ಕೈಗೆ ಇಟ್ಟಿತು.

ಗೇಟು ಎತ್ತಿದರೆ ಕಾಲು ಗಂಟೆಯೊಳಗೆ ಕೆಳಗಿನ ಹೊಳೆಯಲ್ಲಿ ಎದೆಮಟ್ಟ ನೀರು. ಆದರೂ ಹೊಳೆಯೊಳಗೆ ಜನ ಇದ್ದೇ ಇರುತ್ತಾರೆ. ಮರಳು ತೆಗೆಯುವವರು, ಬಟ್ಟೆ ಒಗೆಯುವವರು, ನಡುಗಡ್ಡೆಯಲ್ಲಿ ಹುಲ್ಲು ಕೊಯ್ಯುವವರು. ಅವರಿಗಾಗಿ ನಾನು ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಬಿಲ್ಲೆ ಮಾಡಿಕೊಟ್ಟಿದ್ದೆ. ಹೊಳೆಗೆ ಇಳಿಯುವವರು ಗೇಟ್ ಮನೆಯ ಗೋಡೆಗೆ ಎಳೆದ ತಂತಿಗೆ ಬಿಲ್ಲೆ ತಗುಲಿಹಾಕಿ ಹೋಗಬೇಕು, ಹತ್ತಿ ಬಂದ ಮೇಲೆ ತೆಗೆದುಕೊಂಡು ಹೋಗಬೇಕು. ಬಿಲ್ಲೆಯ ಮೇಲೆ ಹೆಸರು, ಹೆಸರಿನ ಕೆಳಗೆ ಅವರನ್ನು ಕರೆಯುವ ಬಗೆ. ಚುಕ್ಕಿ ಇದ್ದರೆ ಅಕ್ಕಿ ಗಿರಣಿಗೆ ಫೋನ್ ಮಾಡಿ ಅಲ್ಲಿಂದ ಹೇಳಿಕಳಿಸುವುದು, ಗೆರೆ ಇದ್ದರೆ ಎಷ್ಟು ಗೆರೆಯೋ ಅಷ್ಟು ಸಲ ಕೊಂಬು ಊದುವುದು.

ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಬೇರೆಯವರು ಬಿಲ್ಲೆ ಇಳಿಸಿದರೆ ಆ ಬಿಲ್ಲೆಯವರು ಹೊಳೆಯ ಪಾಲಾದರು ಅಂತಲೇ ಅರ್ಥ. ಹಾಗಾಗಿ ಕೊಂಬು ಕೇಳಿ ಹತ್ತಿದವನು ಎಷ್ಟು ದೂರದಿಂದಲಾದರೂ ಬಂದು ತನ್ನ ಬಿಲ್ಲೆಯನ್ನು ತನ್ನ ಕೈಯಾರೆ ತೆಗೆದುಕೊಂಡರೇ ಅವನಿಗೆ ಸಮಾಧಾನ.

ತಂತಿ ಒಂದು ಕಡೆಗೆ ಕೊಂಚ ಇಳಿಜಾರಾಗಿತ್ತು. ನಡುವಿನಿಂದ ಒಂದು ಬಿಲ್ಲೆ ತೆಗೆದರೆ ಮೇಲಿನವು ಜಾರಿ ಆ ಜಾಗಕ್ಕೆ ಬರುತ್ತಿದ್ದವು. ತಂತಿಯ ಕೆಳಗೆ ಗೋಡೆಯ ಮೇಲೆ ಒಂದರಿಂದ ಹನ್ನೆರಡರವರೆಗೆ ಸುಣ್ಣದಲ್ಲಿ ಅಂಕಿ ಬರೆದಿದ್ದೆ. ಒಂದರಿಂದ ಶುರುಮಾಡಿ ಸಾಲಾಗಿ ಕರೆದು, ಕೊನೆಯವರನ್ನು ಕರೆದ ಮೇಲೆ ಒಂದು ಬೀಡಿ ಸೇದಿ, ಚಕ್ರ ತಿರುಗಿಸುತ್ತಿದ್ದೆ. ಹದಿನೆಂಟು ವರ್ಷದಲ್ಲಿ ಒಂದು ಕೋಳಿಯೂ ಕೊಚ್ಚಿಹೋಗಿರಲಿಲ್ಲ.

ಎಪ್ಪತ್ತೆರಡರ ಆಷಾಢದಲ್ಲಿ ತಿಮ್ಮಮ್ಮ ಕೊಚ್ಚಿಹೋಗುವುದರಲ್ಲಿದ್ದಳು. ಬಟ್ಟೆ ಒಗೆಯುತ್ತಿದ್ದವಳಿಗೆ ನೀರು ಬಂದದ್ದೇ ಗೊತ್ತಾಗಲಿಲ್ಲ. ಸೊಂಟದಮಟ್ಟ ನೀರಿನಲ್ಲಿ ಹೊಂಗೆ ಮರ ತಬ್ಬಿಕೊಂಡು ನಿಂತಿದ್ದವಳನ್ನು ಬಿದಿರು ಗಳ ಚಾಚಿ ಎಳೆದುಕೊಂಡವನು ಚಿಕ್ಕಮಾದ. ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ಹಾಡಿಯಿಂದ ಬಂದು ಆ ವರ್ಷ ತಾನೇ ನನ್ನ ಕೈಕೆಳಗೆ ದಿನಗೂಲಿಗೆ ಸೇರಿದ್ದ ಆಳು. ಮೂವತ್ತರ ವಯಸ್ಸು, ಓದುಬರಹ ಇಲ್ಲ, ಮಾತೂ ಕಡಿಮೆ.

ಮಾರನೆಯ ದಿನ ಓವರ್ಸಿಯರ್ ಕೆ.ಆರ್. ನಗರದಿಂದ ಜೀಪಿನಲ್ಲಿ ಬಂದರು. ತಂತಿಯ ಮೇಲಿದ್ದ ಎಲ್ಲರನ್ನೂ ಕರೆದೆ ಅಂತ ನಾನು ಆಣೆ ಮಾಡಿದೆ. ನನ್ನನ್ನು ಕರೆಯಲೇ ಇಲ್ಲ ಅಂತ ತಿಮ್ಮಮ್ಮ ಆಣೆ ಮಾಡಿದಳು. ನಾನು ಅವಳನ್ನು ಸುಳ್ಳಿ ಅಂದೆ. ಆಗ ಬಾಗಿಲಲ್ಲಿ ನಿಂತಿದ್ದ ಚಿಕ್ಕಮಾದ ಒಳಗೆ ಬಂದು ತಂತಿಯ ಕಡೆ ಕೈ ತೋರಿಸಿದ.

"ಅಣ್ಣನೂ ಸುಳ್ಳು ಯೋಳ್ತಿಲ್ಲ ಸ್ವಾಮಿ, ತಿಮ್ಮಮ್ಮನೂ ಸುಳ್ಳು ಯೋಳ್ತಿಲ್ಲ. ಅಣ್ಣ ಮೂರ್ನೆಯೋರ್ಗೆ ಅಂತ ಆ ಕಡೆ ತಿರುಗಿ ಫೋನ್ ಸುತ್ತುತಿದ್ರು. ಅಸ್ಟೊತ್ಗೆ ಮರಳು ತಗಿಯೋ ಮರಿಯಯ್ಯ ಬಂದು ಎಲ್ಡ್ರಲ್ಲಿದ್ದ ತನ್ನ ಬಿಲ್ಲೆ ತಕ್ಕೊಂಡು ಓದ. ನಾಕ್ರಲ್ಲಿದ್ದ ತಿಮ್ಮಮ್ಮನ ಬಿಲ್ಲೆ ಮೂರಕ್ಕೆ ಜಾರ್ತು. ಅಣ್ಣ ಈ ಕಡೆ ತಿರುಗಿ ನಾಕ್ನೇದು ನೋಡುದ್ರು. ಅಲ್ಲಿ ಬ್ಯಾರೆಯೋರ ಬಿಲ್ಲೆ ಇತ್ತು."

ಓವರ್ಸಿಯರ್ ತಂತಿಯನ್ನೇ ನೋಡುತ್ತಾ ನಿಂತರು. ಆಮೇಲೆ ಚಿಕ್ಕಮಾದನ ಹೆಗಲು ತಟ್ಟಿದರು. ಹದಿನೆಂಟು ವರ್ಷದಲ್ಲಿ ಆ ಕೈ ನನ್ನ ಹೆಗಲ ಮೇಲೆ ಒಂದು ಸಲವೂ ಬಿದ್ದಿರಲಿಲ್ಲ.

ಹೊರಡುವಾಗ ಅವರು ಎರಡು ಮಾತು ಹೇಳಿದರು. ಇನ್ನುಮುಂದೆ ಒಬ್ಬರು ಹತ್ತಿದರು ಅಂತ ಖಾತ್ರಿಯಾಗದೆ ಮುಂದಿನವರನ್ನು ಕರೆಯಬಾರದು. ಎರಡನೆಯದು, ಕಟ್ಟೆಗೆ ಒಂದು ಮೇಸ್ತ್ರಿ ಕೆಲಸ ಬರುತ್ತಿದೆ, ಈ ಬಿಲ್ಲೆ ಜಾರುವುದಕ್ಕೆ ಯಾರು ದಾರಿ ಹುಡುಕುತ್ತಾರೋ ಅವರ ಹೆಸರನ್ನು ಮೇಲಕ್ಕೆ ಬರೆಯುತ್ತೇನೆ, ಬೀಗದ ಕೈಯೂ ಅವರಿಗೇ. ನನ್ನ ಬೀಗದ ಕೈಯನ್ನು ನನ್ನ ಮುಂದೆಯೇ ಪಂದ್ಯಕ್ಕೆ ಇಟ್ಟರು. ಅದೂ ಮೊನ್ನೆ ಬಂದ ಕೂಲಿಯವನ ಜೊತೆ.

ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಅವನು ಹೇಳಿದ್ದು ಸರಿ ತಾನೇ ಅಂತ ನನ್ನ ಹೆಂಡತಿ ಶಿವನಂಜಮ್ಮ ಅಂದಳು, ತಟ್ಟೆ ತಳ್ಳಿ ಎದ್ದೆ. ತಿಮ್ಮಮ್ಮ ಅವನಿಗೆ ಬಿಸಿ ಮುದ್ದೆ, ಉಪ್ಸಾರು ತಂದುಕೊಟ್ಟಳು. ಹದಿನೆಂಟು ವರ್ಷ ಕೊಂಬು ಊದಿ ಅವಳನ್ನು ದಡ ಹತ್ತಿಸಿದವನು ನಾನು, ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟವಳಲ್ಲ. ಅವನು ಗೋಡೆಗೆ ಒರಗಿ ಊಟ ಮಾಡುವುದನ್ನು ಕಂಡರೂ ನನ್ನ ಮೈ ಉರಿಯುತ್ತಿತ್ತು.

ಅವನು ಬಾಯಿ ಬಿಡುವ ಮೊದಲೇ ನಾನು ದಾರಿ ಹುಡುಕಬೇಕಿತ್ತು, ಹುಡುಕಿದೆ. ಕರೆಯಲು ಶುರುಮಾಡುವ ಮುಂಚೆ ಗೇಟ್ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವುದು. ಕೊನೆಯವರನ್ನು ಕರೆದು ಮುಗಿಯುವವರೆಗೆ ಯಾರೂ ಒಳಗೆ ಬರುವ ಹಾಗಿಲ್ಲ. ಯಾರೂ ಮುಟ್ಟದಿದ್ದರೆ ಬಿಲ್ಲೆ ಜಾರುವುದು ಎಲ್ಲಿಂದ? ಹತ್ತಿದವರು ದಡದಿಂದಲೇ ಗಟ್ಟಿಯಾಗಿ ಕೂ ಹಾಕಿದರೆ ಸಾಕು, ಮುಂದಿನವರಿಗೆ ಹೋಗುತ್ತೇನೆ. ಇದನ್ನು ಎಲ್ಲರಿಗೂ ಸಾರಿದೆ, ಓವರ್ಸಿಯರ್‌ಗೂ ಫೋನಿನಲ್ಲಿ ಹೇಳಿದೆ.

ಚಿಕ್ಕಮಾದ ಕೇಳಿಸಿಕೊಂಡು ಗೇಟಿನ ಕಸ ತೆಗೆಯಲು ಹೋದ. ಸಂಜೆ ನನ್ನ ಹತ್ತಿರ ಬಂದು ಕೂತ.

"ಕರೆಸ್ಕೊಂಡೋನೇ ಬಾಗ್ಲಿಗೆ ಬಂದು ನಿಂತ್ರೆ ಏನ್ ಮಾಡೀರಿ ಅಣ್ಣಾ? ಬಾಗ್ಲು ಹಾಕಬ್ಯಾಡಿ. ಬಂದೋರು ಬಿಲ್ಲೆ ತಗೀದೆ, ಮಕ ಗೋಡೆಗೆ ತಿರುಗ್ಸಿ ಅಲ್ಲೇ ಬುಡ್ಲಿ. ಎಲ್ಲಾರ್ದೂ ತಿರುಗುದ್ಮೇಲೆ ಎಲ್ಲಾರೂ ತಕ್ಕೊಳ್ಳಿ. ನಮ್ಮಾಡೀಲಿ ಜೇನು ಇಳ್ಸೋವಾಗ ಅಂಗೇಯ. ಕೆಳಗಿಳ್ದೋರು ಎಲ್ಲಾರೂ ಮ್ಯಾಕೆ ಬಂದು ಕೈ ಮುಟ್ಟೋಗಂಟ ಒಂದು ಬಳ್ಳೀನೂ ಬಿಚ್ಚಾಕಿಲ್ಲ."

ಕೇಳಿದ ಕೂಡಲೇ ಅದು ಸರಿ ಅಂತ ನನಗೆ ಗೊತ್ತಾಯಿತು. ಗೊತ್ತಾದದ್ದಕ್ಕೇ ಇನ್ನಷ್ಟು ಉರಿಯಿತು. ಜೇನಿನ ಮಾತು ಜೇನಿಗೆ, ಇದು ಸರ್ಕಾರದ ಗೇಟು ಅಂದೆ. ಅವನು ಎದ್ದವನು, ಅಳುಕುತ್ತಾ ಇನ್ನೊಂದು ಕೇಳಿದ. ಗೇಟಿನ ಬುಡದ ಕಸ ತೆಗೆಯಲು ದಿನಾ ತಾನೂ ಕೆಳಗಿಳಿಯುತ್ತೇನೆ, ತನಗೂ ಒಂದು ಬಿಲ್ಲೆ ಕತ್ತರಿಸಿ ಕೊಡಬೇಕು ಅಂದ. ಮೂಲೆಯಲ್ಲಿ ತಗಡು ಬಿದ್ದಿತ್ತು, ಕತ್ತರಿಯೂ ಅಲ್ಲೇ ಇತ್ತು.

"ನನ್ನ ಕಣ್ಮುಂದೇನೆ ಇರೋನ್ಗೆ ಬಿಲ್ಲೆ ಯಾಕ್ಲಾ?" ಅಂದೆ. ನನ್ನ ತಂತಿಯ ಮೇಲೆ ಅವನ ಹೆಸರು ನೋಡಲು ನನಗೆ ಇಷ್ಟವಿರಲಿಲ್ಲ. ಅಷ್ಟೇ ವಿಷಯ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮೇಲಿನಿಂದ ಫೋನ್ ಬಂತು. ಕೊಡಗಿನಲ್ಲಿ ವಿಪರೀತ ಮಳೆ, ಒಂದು ಗಂಟೆಯೊಳಗೆ ಗೇಟು ಎತ್ತದಿದ್ದರೆ ಕಟ್ಟೆ ಉಳಿಯುವುದಿಲ್ಲ ಅಂದರು. ತಂತಿಯಲ್ಲಿ ಏಳು ಬಿಲ್ಲೆ ಇದ್ದವು. ಏಳನೆಯದು ಶಿವನಂಜಮ್ಮನದು, ಎಮ್ಮೆ ಹೊಡೆದುಕೊಂಡು ನಡುಗಡ್ಡೆಗೆ ಹುಲ್ಲಿಗೆ ಹೋಗಿದ್ದಳು. ಅಗುಳಿ ಹಾಕಿದೆ, ಕಿಟಕಿಯನ್ನೂ ಮುಚ್ಚಿದೆ. ಮೊದಲ ಇಬ್ಬರು ಗಿರಣಿಯ ಹತ್ತಿರದವರು, ಹತ್ತಿದರು ಅಂತ ಫೋನಿನಲ್ಲೇ ಉತ್ತರ ಬಂತು. ನನ್ನ ದಾರಿ ಕೆಲಸ ಮಾಡುತ್ತಿದೆ ಅಂತ ಮೀಸೆ ತಿರುವಿಕೊಂಡೆ.

ಮೂರನೆಯವನು ಮರಳಿನ ಮರಿಯಯ್ಯ. ಕಿಟಕಿಯ ಸಂದಿಗೆ ಕೊಂಬಿಟ್ಟು ಎರಡು ಸಲ ಊದಿದೆ. ಕೂ ಬರಲಿಲ್ಲ. ಮತ್ತೆ ಊದಿದೆ, ಬರಲಿಲ್ಲ. ಅಷ್ಟರಲ್ಲಿ ಯಾರೋ ಬಾಗಿಲು ಬಡಿಯತೊಡಗಿದರು. ನೀರಿನ ಮೊರೆತದಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ, ಆದರೆ ನಡುವೆ ಚಿಕ್ಕಮಾದನ ದನಿ ಕೇಳಿಸಿತು, ಬಾಗ್ಲು ತಗೀರಿ ಅಣ್ಣಾ ಅಂತ. ನನ್ನ ದಾರಿ ಕೆಡಿಸುವುದಕ್ಕೇ ಬಂದಿದ್ದಾನೆ ಅಂದುಕೊಂಡೆ. ಬಾಗಿಲು ತೆಗೆದರೆ ಅವನು ಗೆದ್ದ ಹಾಗೆ. ತೆಗೆಯಲಿಲ್ಲ. ಹಲ್ಲು ಕಚ್ಚಿಕೊಂಡು ಮರಿಯಯ್ಯನಿಗೆ ಕೊಂಬು ಊದುತ್ತಲೇ ಇದ್ದೆ. ಚಿಕ್ಕಮಾದನ ದನಿ ನಿಂತಿತು, ಬಡಿತ ನಿಲ್ಲಲಿಲ್ಲ. ಗಡಿಯಾರದಲ್ಲಿ ಅರ್ಧ ಗಂಟೆ ಹೋಗಿತ್ತು.

ಕೊನೆಗೆ ಕಿಟಕಿಯ ಬಾಗಿಲು ಹೊರಗಿನಿಂದ ಒದೆಸಿಕೊಂಡು ತೆರೆದುಕೊಂಡಿತು. ಸರಳಿನ ಆಚೆ ಇದ್ದದ್ದು ಮರಿಯಯ್ಯನ ಮುಖ, ಒದ್ದೆ ಮುದ್ದೆ.

"ಕರ್ದೋನೂ ನೀನೇ, ಬಾಗ್ಲು ಆಕ್ಕೊಂಡೋನೂ ನೀನೇ. ಒಳೀಕ್ ಬುಡ್ದೆ ನಾನು ಬಿಲ್ಲೆ ಎಂಗ್ಲಾ ತಗೀಲಿ?"

ಕೂ ಹಾಕು ಅಂತ ನಾನು ಸಾರಿದ್ದು ಅವನ ತಲೆಯಲ್ಲಿ ನಿಂತಿರಲೇ ಇಲ್ಲ. ಹದಿನೆಂಟು ವರ್ಷದ ಅಭ್ಯಾಸ, ಮೊದಲ ಕೊಂಬಿಗೇ ಹತ್ತಿ ನೇರ ಬಿಲ್ಲೆಗೆ ಬಂದಿದ್ದ. ಒಳಗೆ ನಾನು ಅವನಿಗಾಗಿ ಕಾಯುತ್ತಿದ್ದೆ, ಹೊರಗೆ ಅವನು ನನಗಾಗಿ ಕಾಯುತ್ತಿದ್ದ. ಇಬ್ಬರ ನಡುವೆ ಇದ್ದದ್ದು ನಾನೇ ಹಾಕಿದ ಅಗುಳಿ. ಇನ್ನೂ ನಾಲ್ಕು ಜನ ಹೊಳೆಯಲ್ಲಿದ್ದರು, ಅವರಲ್ಲಿ ನನ್ನ ಹೆಂಡತಿ.

ಅಗುಳಿ ತೆಗೆದೆ. ಮರಿಯಯ್ಯ ಬಿಲ್ಲೆಗೆ ಕೈ ಹಾಕಿದ. ತೆಗೆಯಬೇಡ, ತಿರುಗಿಸಿ ಬಿಡು ಅಂತ ನನ್ನ ಬಾಯಿಂದಲೇ ಬಂತು. ಗಿರಣಿ ಕಡೆಯ ಇಬ್ಬರೂ ಸೇರಿ ಬಂದವರೆಲ್ಲ ಹಾಗೇ ತಿರುಗಿಸಿದರು, ಒಂದು ಬಿಲ್ಲೆಯೂ ಜಾರಲಿಲ್ಲ, ಯಾರೂ ಯಾರಿಗೂ ಕಾಯಲಿಲ್ಲ. ಏಳನೆಯದಕ್ಕೆ ಕೊಂಬು ಎತ್ತುವಷ್ಟರಲ್ಲಿ ಶಿವನಂಜಮ್ಮ ಬಾಗಿಲಲ್ಲಿದ್ದಳು. ಸೀರೆ ಮೊಣಕಾಲವರೆಗೆ ಒದ್ದೆ. ಉಳಿದವರ ಹಾಗೇ ತನ್ನ ಬಿಲ್ಲೆ ತಿರುಗಿಸಿದಳು. ತಂತಿಯ ಮೇಲೆ ಏಳೂ ಬರೀ ತಗಡು. ನಾನು ಓಡಿಹೋಗಿ ಬೀಗ ತೆಗೆದು ಚಕ್ರ ಹಿಡಿದೆ. ನೀರು ಕಟ್ಟೆಯ ನೆತ್ತಿಗೆ ಬಂದಿತ್ತು.

ಅವಳು ನನ್ನ ಹಿಂದೆಯೇ ಬಂದು ತೋಳು ಹಿಡಿದಳು.

"ತಡ್ಕಳಿ. ಚಿಕ್ಕಮಾದ ಇನ್ನೂ ಕೆಳಗವ್ನೆ. ಬಾಗ್ಲು ತಗೀದಿದ್ಕೆ ನನ್ನ ಕರಿಯಾಕೆ ಅವ್ನೇ ಓಡ್ಬಂದ. ನೀವು ಓಗ್ರಕ್ಕ, ಎಮ್ಮೆ ನಾನು ಒಡ್ಕೊಂಡ್ ಬತ್ತೀನಿ ಅಂದ."

ಚಕ್ರದ ಮೇಲೆ ನನ್ನ ಎರಡೂ ಕೈ ಇದ್ದವು. ತಂತಿಯಲ್ಲಿ ಎಲ್ಲ ಬಿಲ್ಲೆ ತಿರುಗಿವೆ. ಈಗ ಗೇಟು ಎತ್ತಿದರೆ ತಪ್ಪು ನಿನ್ನದು ಅಂತ ಯಾವ ಓವರ್ಸಿಯರೂ ಅನ್ನಲಾರ. ಈ ಯೋಚನೆ ನನ್ನ ತಲೆಯಲ್ಲಿ ಒಂದು ಗಳಿಗೆ ನಿಂತಿತ್ತು. ನಿಂತಿರಲಿಲ್ಲ ಅಂದರೆ ಸುಳ್ಳು ಹೇಳಿದ ಹಾಗಾಗುತ್ತದೆ.

ಆಮೇಲೆ ಕೊಂಬಿಗೆ ಓಡಿದೆ. ಅವನಿಗೆ ಎಷ್ಟು ಸಲ ಊದಬೇಕು ಅಂತ ನನಗೆ ಗೊತ್ತಿರಲಿಲ್ಲ, ಗುರುತೇ ಮಾಡಿರಲಿಲ್ಲವಲ್ಲ. ಉಸಿರು ಸಿಕ್ಕಿಕೊಳ್ಳುವವರೆಗೂ ಊದಿದೆ. ಕಟ್ಟೆಯ ಮೇಲಿನಿಂದ ನೀರು ತುಳುಕತೊಡಗಿತು, ಮರಿಯಯ್ಯ ಎತ್ತು ಎತ್ತು ಅಂತ ಬಡಕೊಂಡ, ನಾನು ಊದುತ್ತಲೇ ಇದ್ದೆ. ಕಡೆಗೆ ಜೊಂಡಿನ ನಡುವಿನಿಂದ ನನ್ನ ಎಮ್ಮೆ ಕಾಣಿಸಿತು, ಅದರ ಹಿಂದೆ ಅವನು. ದಡ ಹತ್ತಿದ್ದನ್ನು ಕಣ್ಣಾರೆ ನೋಡಿ ಚಕ್ರ ತಿರುಗಿಸಿದೆ.

ಅವನು ಮೇಲೆ ಬಂದು ಎಮ್ಮೆಯನ್ನು ಕಂಬಕ್ಕೆ ಕಟ್ಟಿದ. ತಂತಿಯ ಕಡೆ ಒಂದು ಸಲ ನೋಡಿದ.

"ಎಲ್ಲಾರೂ ಬಂದವ್ರಲ್ಲಾ. ಇಸ್ಟೊತ್ತೂ ಯಾರ್ನ ಕರೀತಿದ್ರಿ ಅಣ್ಣಾ?"

"ನಿನ್ನೇ ಕಣ್ಲಾ," ಅಂದೆ. ಮೂಲೆಯ ತಗಡು ತೆಗೆದುಕೊಂಡು ಕತ್ತರಿಸಲು ಕೂತೆ. ಬಿಲ್ಲೆ ಸೊಟ್ಟಗಾಯಿತು.

ಓವರ್ಸಿಯರ್ ಬಂದಾಗ ತಿರುಗಿಸುವ ದಾರಿ ನಂದು ಅಂತ ಹೇಳಲು ಬಾಯಿ ತೆರೆದಿದ್ದೆ. ಶಿವನಂಜಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಚಿಕ್ಕಮಾದನದು ಅಂದೆ. ಉಡಿದಾರದಿಂದ ಬೀಗದ ಕೈ ಬಿಚ್ಚಿ ಕೊಟ್ಟೆ.

ಈಗ ಗೇಟಿನ ಬುಡದ ಕಸ ತೆಗೆಯಲು ಕೆಳಗಿಳಿಯುವವನು ನಾನು. ಬೆಳಿಗ್ಗೆ ನನ್ನ ಬಿಲ್ಲೆ ತಂತಿಗೆ ಹಾಕಿ ಹೋಗುತ್ತೇನೆ. ನೀರು ಬಿಡುವ ದಿನ ಅವನು ಮೊದಲು ಊದುವುದು ನನಗೆ, ನಾಲ್ಕು ಸಲ, ಒಂದೂ ಕಡಿಮೆಯಿಲ್ಲ. ನಾನು ಹತ್ತಿ ಬಂದು ಬಿಲ್ಲೆ ತಿರುಗಿಸುವವರೆಗೆ ಚಕ್ರದ ಹತ್ತಿರವೂ ಹೋಗುವುದಿಲ್ಲ. ಐದು ವರ್ಷವಾಯಿತು, ಒಂದು ದಿನ, ಒಂದು ಗಳಿಗೆ, ಅವನು ನನ್ನನ್ನು ಮರೆತದ್ದಿಲ್ಲ. ಹೊಟ್ಟೆಕಿಚ್ಚು ಹೋಯಿತಾ ಅಂತ ಕೇಳಿದರೆ ಹೋಗಿಲ್ಲ. ಬೀಗದ ಕೈಗಲ್ಲ ಈಗ ಉರಿಯುವುದು, ಅವನು ಹಾಗೆ ಮರೆಯದಿರುವುದಕ್ಕೆ.