ದಾಜಿ ಬಂದ್ ಮಾಡಿದ ಸ್ವಿಚ್

ಸ್ವಿಚ್ ಬೋರ್ಡಿನ ಎರಡನೆಯ ಸ್ಕ್ರೂ ಸಡಿಲಾದಾಗ ಗೋಡೆಯ ಸುಣ್ಣ ಮುಂಗೈ ಮೇಲೆ ಉದುರಿತು, ವಸಂತ ಊದಿದ, ಊದಿದ್ದು ಕಣ್ಣಿಗೇ ಬಂತು — ಛಲೋ ಆತು, ಕಣ್ಣಾಗ ನೀರು ಬಂದ್ರ ಸುಣ್ಣ ಅನ್ನಬಹುದು — ಒಳಗೆ ಕುಂತಿದೆ ಅದು, ಮೊಬೈಲಿನಿಂದ ಮೋಟಾರ್ ಚಾಲೂ ಮಾಡುವ, ಕಡ್ಡಿಪೆಟ್ಟಿಗೆಯಷ್ಟು ಬಿಳಿ ಡಬ್ಬಿ, ದೀಪಾವಳಿಗೆ ತಾನೇ ಕೂರಿಸಿದ್ದು. ಬೀದರದ ತನ್ನ ಮನೆಯ ಬಲ್ಬು, ಫ್ಯಾನು, ಗೀಸರು ಎಲ್ಲಾ ಮೊಬೈಲಿಗೆ ಕಟ್ಟಿ ಮುಗಿದ ಮೇಲೂ ಕೈ ಸುಮ್ಮನಿರಲಿಲ್ಲ, ಭಾಲ್ಕಿಯ ಅಕ್ಕನ ಮನೆಯ ನೀರಿನ ಮೋಟಾರಿಗೆ ಬಂದ. ಅಕ್ಕ ಲೀಲಾಬಾಯಿ ಹಿಗ್ಗಿದಳು, ಅಕ್ಕನ ಗಂಡ ಮಚ್ಛೇಂದ್ರ ದಾಜಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಉಣ್ಣುವ ಟೇಲರ್, ನಕ್ಕರು, ಬಟನ್ ಒತ್ತಲಾಕ ನನಗ ಕೈ ಇಲ್ಲೇನಪಾ? ಒಂದು ಮಾತು ಅವತ್ತೇ ಹೇಳಬೇಕಿತ್ತು, ಗೋಡೆಯ ಬಟನ್ ಬಂದ್ ಇದ್ರೂ ಮೊಬೈಲಿನಿಂದ ಮೋಟಾರ್ ಚಾಲೂ ಆಗ್ತದ, ವಯರಿಗೆ ಕೈ ಹಚ್ಚೂದಿದ್ರ ಮೇನ್ ಇಳಿಸ್ರಿ ದಾಜಿ — ಹೇಳಲಿಲ್ಲ, ತಟ್ಟೆಯಲ್ಲಿ ಪೂರಿ ಬಿಸಿ ಇದ್ದವು, ಬಸ್ಸಿಗೆ ಹೊತ್ತಾಗಿತ್ತು, ಆಮೇಲೆ ಹೇಳಿದರಾಯಿತು ಅಂದುಕೊಂಡ.

ಆಮೇಲೆ ಆ ಗುರುವಾರ. ಎರಡು ದಿನದಿಂದ ಡಬ್ಬಿ ಮೊಬೈಲಿಗೆ ಸಿಗುತ್ತಿಲ್ಲ, ಪರದೆಯ ಮೇಲೆ ಹಸಿರಿನ ಬದಲು ಬೂದು ಚುಕ್ಕಿ, ಹಲ್ಲಿನ ಸಂದಿಯ ನಾರಿನಂತೆ ಕಾಡುವ ಬೂದು ಚುಕ್ಕಿ, ಬೀದರದ ಚಹಾ ಹೋಟೆಲಿನಲ್ಲಿ ಗೆಳೆಯ ಆಶೀಷನ ಎದುರು ಕೂತೇ ಅಕ್ಕನಿಗೆ ಫೋನು ಹಚ್ಚಿದ, ವೈಫೈ ರೌಟರಿಂದು ಪ್ಲಗ್ ತೆಗಿ, ಹತ್ತು ಎಣಿಸು, ಮತ್ತ ಹಾಕು, ಎಣಿಸಿದೆನೋ ತಮ್ಮಾ ಅಂದಳು, ಚುಕ್ಕಿ ಹಸಿರಾಯಿತು, ಎದೆಯೊಳಗೂ ಏನೋ ಹಸಿರಾಯಿತು — ದಾಜಿ ಎಲ್ಲಿದ್ದಾರೆಂದು ಕೇಳಲಿಲ್ಲ, ಕೇಳಬೇಕೆಂದು ಹೊಳೆಯಲೇ ಇಲ್ಲ — ನೋಡು ಆಶೀಷ, ನಲವತ್ತು ಕಿಲೋಮೀಟರ್ ದೂರದಿಂದ ಮೋಟಾರ್ ಹಚ್ತೇನಿ, ಒತ್ತಿದ. ಮೂರು ಗಂಟೆ ನಲವತ್ತೆರಡು ನಿಮಿಷ. ಚಹಾದ ಕೆನೆ ಬದಿಗೆ ಸರಿಸಿ ಕುಡಿದ, ಆಶೀಷ ವ್ಹಾ ಅಂದ. ಅದೇ ಹೊತ್ತಿಗೆ ಭಾಲ್ಕಿಯ ಹಿತ್ತಲಲ್ಲಿ ದಾಜಿ ಬಟನ್ ಬಂದ್ ಮಾಡಿ, ಸಡಿಲಾಗಿದ್ದ ವಯರಿನ ಎರಡು ತುದಿ ಬಲಗೈಯಲ್ಲಿ ಹೊಸೆಯುತ್ತಿದ್ದರು.

ಕರೆಂಟಿಗೆ ಸುಟ್ಟ ಮೂರು ಬೆರಳು ತೆಗೆದರು. ಕತ್ತರಿ ಹಿಡಿಯುವ ಕೈ. ಆಸ್ಪತ್ರೆಯ ಮಂಚದ ಮೇಲೆ ಔಷಧದ ಮಂಪರಿನಲ್ಲೂ ದಾಜಿಯ, ಪಟ್ಟಿಯಾಚೆ ಉಳಿದ ಹೆಬ್ಬೆರಳು ಚಾದರವನ್ನು ಒತ್ತುತ್ತಿತ್ತು, ಬಂದ್ ಮಾಡಿದ್ನಿ, ನಾ ಬಂದ್ ಮಾಡಿದ್ನಿ, ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಎಲ್ಲಿ ಬಂದ್ ಮಾಡ್ಯಾರೋ ತಮ್ಮಾ, ಮರವು, ವಯಸ್ಸಾತು, ಅಂದಳು. ಆಗ ಹೇಳಬಹುದಿತ್ತು. ಗಂಟಲಿನವರೆಗೂ ಬಂದಿತ್ತು, ಅಷ್ಟರಲ್ಲಿ ಡಾಕ್ಟರ್ ಬಂದರು, ಡಾಕ್ಟರ್ ಹೋದ ಮೇಲೆ ಅದು ಗಂಟಲಿನಲ್ಲಿರಲಿಲ್ಲ. ಈಗ ಅಕ್ಕ ದಾಜಿಗೆ ಗ್ಯಾಸ್ ಹಚ್ಚಲು ಬಿಡುವುದಿಲ್ಲ, ಅವರು ಚಿಲಕ ಹಾಕಿದರೆ ಎದ್ದು ಹೋಗಿ ನೋಡಿ ಬರುತ್ತಾಳೆ, ದಾಜಿಯೂ ಈಗ ತಾವೇ ಎರಡೆರಡು ಸಲ ನೋಡುತ್ತಾರಂತೆ.

ತೆಗೀಲಾಕ್ಹತ್ತಿಯೇನು? ಬೋರ್ಡಿನ ಮುಂದಿದ್ದ ವಸಂತನ ಹಿಂದೆ ದಾಜಿ, ಬಾಗಿಲಿಗೆ ಆತುಕೊಂಡು ನಿಂತವರು. ಹೌದ್ರಿ. ವಸಂತ, ಒಂದು ಮಾತು ಕೇಳ್ತೇನಿ, ನಿನ್ನ ಮೊಬೈಲಿನ್ಯಾಗ ಎಲ್ಲಾ ಬರಕೊಂಡಿರ್ತದ ಅಂದಿದ್ದಿ, ಯಾವಾಗ ಚಾಲೂ ಆತು, ಯಾರು ಮಾಡಿದ್ರು, ಅವತ್ತಿಂದು ನೋಡಿ ಹೇಳಪಾ, ಈಕಿ ನಂಬೂದಿಲ್ಲ, ನನಗರ ತಿಳೀಲಿ, ನನ್ನ ತಲಿ ನೆಟ್ಟಗದನೋ ಇಲ್ಲೋ. ಒಳಗೆ ಅಕ್ಕನ ಕೈಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ವಸಂತ ಮೊಬೈಲ್ ತೆಗೆದ, ಗುರುವಾರಕ್ಕೆ ಹೋದ, ಅದೇ ಸಾಲು, ಅದೇ ಗಂಟೆ, ಮುಂದೆ ತನ್ನದೇ ಹೆಸರು — ಹೇಳು, ಈಗ ಹೇಳು, ತೋರಿಸಿಬಿಡು, ಓದಿಕೊಳ್ಳಲಿ — ಅವತ್ತು ನೆಟ್ ಇರಲಿಲ್ಲರಿ ದಾಜಿ, ಏನೂ ಬರಕೊಂಡಿಲ್ಲ, ಅಂದಿತು ಬಾಯಿ, ಬೆರಳು ಕೆಳಗೆ ಜಾರಿತು, ಈ ಸಾಧನ ತೆಗೆದುಹಾಕಲೇ, ದಾಖಲೆಯೂ ಅಳಿಯುತ್ತದೆ, ಎಂದು ಮೊಬೈಲ್ ಕೇಳಿತು, ಹೌದು ಒತ್ತಿದ. ಅಳಿಯಿತು. ಒಳಗೆ ರೊಟ್ಟಿ ಬಡಿಯುವುದು ಮತ್ತೆ ಶುರುವಾಯಿತು.

ಹಂಗಾರ ನಾನೇ ಮರ್ತಿರಬೇಕು, ಅಂದರು ದಾಜಿ, ಸಣ್ಣ ದನಿಯಲ್ಲಿ, ಅಂದರೂ ಹೋಗಲಿಲ್ಲ, ಬೋಳು ಬೋರ್ಡಿನ ಕಡೆಗೆ ಪಟ್ಟಿ ಕಟ್ಟಿದ ಕೈ ಎತ್ತಿದರು, ಹಿಂಗ ಒತ್ತಿದ್ನಿ ಅನಸ್ತದಲ್ಲೋ, ಹಿಂಗ, ಹೆಬ್ಬೆರಳು ಗಾಳಿಯಲ್ಲಿ ಕೆಳಗಿಳಿಯುತ್ತದೆ, ಏಳುತ್ತದೆ, ಹಿಂಗ, ಕೆಳಗಿಳಿಯುತ್ತದೆ, ಹೆಬ್ಬೆರಳು —